ಕೂತಾಗಿನ ಅಳತೆ

ಆ ದರ್ಜಿಯ ದೊಡ್ಡ ಕರುಳಲ್ಲಿ ಹುಣ್ಣಾಗಿ ಹನ್ನೆರಡು ವರ್ಷ. ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಟ, ರಕ್ತ, ಮಾತ್ರೆ. ಹೋದಲ್ಲೆಲ್ಲ ಮೊದಲು ಕಕ್ಕಸು ಹುಡುಕುವ ಪಾಡು ಬೇಡವೆಂದು ಯಾರ ಮನೆಗೂ ಹೋಗುವುದನ್ನೇ ಬಿಟ್ಟ. ಅಕ್ಕ ಕರೆದು ಕರೆದು ಸಾಕಾಗಿ, ತಮ್ಮನಿಗೆ ಜಂಬ ಬಂತೆಂದು ಸುಮ್ಮನಾದಳು. ಇವನೂ ಬಾಯಿ ಬಿಡಲಿಲ್ಲ.

ಈ ವರ್ಷ ಓಟ ತಾನಾಗಿ ಕಡಿಮೆಯಾಯಿತು. ವಾಸಿಯಾಯಿತೆಂದು ಹಿಗ್ಗಿ ಮಾತ್ರೆ ಮೂಲೆಗಿಟ್ಟ. ಆಮೇಲೆ ಹೊಟ್ಟೆ ಉಬ್ಬಿ, ಹಿಂಡಿ, ಎರಡು ತುತ್ತಿಗೇ ಸಾಕೆನ್ನತೊಡಗಿತು. ಡಾಕ್ಟರು ಕೊಳವೆ ಹಾಕಿ ನೋಡಿದರೆ ಕರುಳು ಒಂದೆಡೆ ಕಿರಿದಾಗಿ, ಕೊಳವೆ ದಾಟಲೇ ಇಲ್ಲ. ಪರೀಕ್ಷೆಗೆ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕಾಣದಿದ್ದರೂ ಒಳಗೆ ಅಡಗಿರಬಹುದು, ದೊಡ್ಡ ಕರುಳನ್ನು ತೆಗೆದು ಹೊಟ್ಟೆಯ ಮೇಲೆ ಮಲ ತುಂಬುವ ಚೀಲ ಅಂಟಿಸುವುದೇ ದಾರಿ ಎಂದರು. ಜೊತೆಗೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದ. ಆಪರೇಷನ್ನಿನ ಒಪ್ಪಿಗೆಗೆ ಸಹಿ ಹಾಕಲು ಕೈ ಬರಲಿಲ್ಲ. ಹಾಗಿದ್ದರೆ ಮೊದಲು ಚೀಲದ ಜಾಗ ಗುರುತು ಮಾಡುವ ನರ್ಸಮ್ಮನನ್ನು ನೋಡಿ ಎಂದು ಕಳಿಸಿದರು.

ಚೀಲದ ಜಾಗವನ್ನು ದರ್ಜಿಯಾದ ತನಗೆ ಇನ್ನೊಬ್ಬರು ಹೇಳಿಕೊಡಬೇಕೇ ಎಂದು, ಮನೆಯಲ್ಲೇ ಕನ್ನಡಿಯ ಮುಂದೆ ನಿಂತು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಹೋದ. ನರ್ಸಮ್ಮ ನೋಡಿ, ಕೂರಲು ಹೇಳಿದರು. ಕೂತ. ಗುರುತು ಹೊಟ್ಟೆಯ ಮಡಿಕೆಯೊಳಗೆ ಮುಳುಗಿಹೋಯಿತು. ಅಲ್ಲಿ ಚೀಲ ಅಂಟಿ ನಿಲ್ಲುವಂತಿರಲಿಲ್ಲ.

"ನಿಮ್ಮ ಗಿರಾಕಿಗಳು ಕೂರೋದೇ ಇಲ್ವಾ?" ಎಂದರು ನರ್ಸಮ್ಮ.

ಮೂವತ್ತು ವರ್ಷ ಎಲ್ಲರನ್ನೂ ನಿಲ್ಲಿಸಿಯೇ ಅಳೆದವನು ಪೆಚ್ಚಾಗಿ ನಕ್ಕ. ಅವರು ಅವನನ್ನು ಕೂರಿಸಿ, ಬಗ್ಗಿಸಿ, ಮಲಗಿಸಿ, ಬೆರಳಿನಿಂದ ತಡವಿ ನೋಡಿ, ಅಳಿಸದ ಪೆನ್ನಿನಲ್ಲಿ ಬೇರೆ ಕಡೆ ಗುರುತಿಟ್ಟರು. ಊರವರ ಮೈಯೆಲ್ಲ ಮುಟ್ಟಿ ಅಳೆದಿದ್ದ. ತನ್ನನ್ನು ಇಷ್ಟು ಮೆಲ್ಲಗೆ ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತೋ, ಅವನಿಗೆ ನೆನಪಾಗಲಿಲ್ಲ. ಮೊದಲ ಕೆಲವು ದಿನ ಚೀಲ ಬದಲಿಸುವಾಗ ಪಕ್ಕದಲ್ಲಿ ಕನ್ನಡಿ ಹಿಡಿಯಲು ಒಬ್ಬರಿರಲಿ ಎಂದು ಅವರು ಹೇಳಿದಾಗ, ಯಾರೂ ಇಲ್ಲ ಎನ್ನಲು ಈ ಸಲ ಬಾಯಿ ಬರಲಿಲ್ಲ.

ಅಂಗಡಿಗೆ ಬಂದು ಅಕ್ಕನಿಗೆ ಫೋನು ಮಾಡಿದ. ಹುಣ್ಣು, ಓಟ, ಕಿರಿದಾದ ಕರುಳು, ಚೀಲ, ಒಂದೂ ಬಿಡದೆ ಹೇಳಿದ.

"ನಮ್ಮನೇಲೂ ಕಕ್ಕಸು ಇದೆ ಕಣೋ, ಪೆದ್ದ" ಎಂದಳು ಅಕ್ಕ. ಮೂಗು ಸೀಟಿಕೊಂಡು, ಯಾವತ್ತು ಬರಲಿ ಎಂದು ಕೇಳಿದಳು. ನಾಳೆ ಸಹಿ ಹಾಕಿ ಬಂದು ದಿನ ಹೇಳುತ್ತೇನೆ ಎಂದ.

ಫೋನಿಟ್ಟ ಮೇಲೆ ಅಂಗಡಿ ಮೊದಲಿಗಿಂತ ಖಾಲಿ ಕಂಡಿತು. ಯಾರ ಮನೆಗೂ ಹೋಗದೆ ಕಳೆದ ಹನ್ನೆರಡು ವರ್ಷವೂ ಅಲ್ಲೇ ಕೂತಿದ್ದಂತಿತ್ತು. ಚೀಲಕ್ಕೆ ಜಾಗ ಬಿಡಲೆಂದು ತನ್ನ ಪ್ಯಾಂಟಿನ ಸೊಂಟಪಟ್ಟಿಯ ಹೊಲಿಗೆ ಬಿಚ್ಚಿದ. ಟೇಪು ತೆಗೆದುಕೊಂಡು, ಸ್ಟೂಲಿನ ಮೇಲೆ ಕೂತು, ತನ್ನ ಅಳತೆ ತಾನೇ ಹಿಡಿದ.