ಬಂಗಾರಪೇಟೆವರೆಗೆ

ರಿಟೈರಾಗಿ ಹದಿನೈದು ದಿನಕ್ಕೇ ಅಶ್ವತ್ಥಪ್ಪನಿಗೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟುಹೋಗಿತ್ತು. ಚಿನ್ನದ ಗಣಿ ಮುಚ್ಚಿದ ವರ್ಷದಿಂದ ಊರಿಗಾಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿನ ದಾರದ ಕಾರ್ಖಾನೆಗೆ ಹೋಗಿ ಬಂದವನು. ಇಪ್ಪತ್ತನಾಲ್ಕು ವರ್ಷ, ಏನು ಕಮ್ಮಿಯೇ! ಕಾರ್ಖಾನೆ ಬಿಟ್ಟಿದ್ದಕ್ಕೆ ಅವನಿಗೆ ಚೂರೂ ಬೇಜಾರಿರಲಿಲ್ಲ, ಅದು ಹಾಳಾಗಿ ಹೋಗಲಿ. ಬೇಜಾರಿದ್ದದ್ದು ರೈಲಿನ ಗೆಳೆಯರು ತಪ್ಪಿಹೋದರೆಂದು. ಸುಧಾಕರ್ ಮತ್ತು ರಾಜ್‌ಕುಮಾರ್ ಹತ್ತುತ್ತಿದ್ದದ್ದು ಮುಂದೆ ಬಂಗಾರಪೇಟೆಯಲ್ಲಿ. ಊರಿಗಾಂನಲ್ಲಿ ರೈಲು ಡಬ್ಬಿ ಖಾಲಿ. ಬಂಗಾರಪೇಟೆಯಲ್ಲಿ ಜನ ಮುಗಿಬೀಳುತ್ತಿದ್ದರು. ಅಶ್ವತ್ಥಪ್ಪ ಮೊದಲೇ ಟವೆಲ್ ಹಾಸಿ, "ಜನ ಬತ್ತಾರೆ, ಏಳ್ರೀ" ಎಂದು ಕಂಡಕಂಡವರ ಜೊತೆ ಜಗಳವಾಡಿ, ಅವರಿಬ್ಬರಿಗೂ ಸೀಟು ಉಳಿಸುತ್ತಿದ್ದ. ಆಮೇಲೆ ಎರಡು ಗಂಟೆ ಇಸ್ಪೀಟು, ಹರಟೆ, ಹೆಂಡತಿ ರಾಧಾಮಣಿ ಕಟ್ಟಿಕೊಟ್ಟ ಚಿತ್ರಾನ್ನ.

ಆಗಸ್ಟ್ ಹದಿನೈದು ಶುಕ್ರವಾರ ಬಿದ್ದು ಮೂರು ದಿನ ಸಾಲು ರಜೆ ಸಿಕ್ಕಿತು. ಅಶ್ವತ್ಥಪ್ಪನೇ ಅವರಿಬ್ಬರಿಗೂ ಫೋನ್ ಮಾಡಿ ಎಲ್ಲ ಗೊತ್ತು ಮಾಡಿದ. ಶುಕ್ರವಾರ ಸಂಜೆ ಪಕ್ಕದ ಚಾಂಪಿಯನ್ ರೀಫ್ಸ್‌ನಲ್ಲಿ ಆರ್ಕೆಸ್ಟ್ರಾ, ಶನಿವಾರ ಬಂಗಾರಪೇಟೆಯಲ್ಲಿ ಪಾನಿಪುರಿ, ಭಾನುವಾರ ಮ್ಯಾಟ್ನಿ.

"ಆ ಮಹಾನುಭಾವ್ರು ಒಂದ್ಸಲಾನಾದ್ರೂ ನಮ್ಮನೆ ಒಸಲು ತುಳಿದವ್ರಾ? ಸುಮ್ನೆ ಯಾಕೆ ಅವ್ರ ಇಂದೆ ಬೀಳೋದು?" ಎಂದಳು ರಾಧಾಮಣಿ.

"ಕೆಲ್ಸದ ಗಡಿಬಿಡೀಲಿ ಟೈಮೆಲ್ಲಿತ್ತೇ? ಈಗ ಬತ್ತಾರೆ, ನೋಡ್ತಾ ಇರು."

ಬಾಯಲ್ಲಿ ಹಾಗಂದನೇ ಹೊರತು ಅವಳ ಮಾತು ಒಳಗೆ ಚುಚ್ಚುತ್ತಲೇ ಇತ್ತು. ರೈಲು ಇಲ್ಲದಿದ್ದರೆ ತಾನು ಅವರಿಗೆ ಯಾರೂ ಅಲ್ಲವೇ? ಈ ಮೂರು ದಿನದಲ್ಲಿ ಅವನಿಗೆ ತಿಳಿಯಬೇಕಾಗಿದ್ದದ್ದು ಅದೊಂದೇ.

ಶುಕ್ರವಾರ ಜಿಟಿಜಿಟಿ ಮಳೆ. ಆರ್ಕೆಸ್ಟ್ರಾದವರು ಒಂದು ತಮಿಳು, ಒಂದು ಕನ್ನಡ, ಒಂದು ತೆಲುಗು ಹಾಡು ಹಾಡಿ ಎಲ್ಲರನ್ನೂ ಸಮಾಧಾನ ಮಾಡುತ್ತಿದ್ದರು. ಮೂವರೂ ಒದ್ದೆ ಕುರ್ಚಿಗಳ ಮೇಲೆ ಸಾಲಾಗಿ ಕೂತರು. ರೈಲಿನಲ್ಲಿ ಇವರ ಬಾಯಿ ಮುಚ್ಚಿಸಲು ಟಿಕೆಟ್ ಕಲೆಕ್ಟರಿಂದಲೂ ಆಗುತ್ತಿರಲಿಲ್ಲ. ಇಲ್ಲಿ ನೋಡಿದರೆ ಮಾತೇ ಹೊರಡಲೊಲ್ಲದು.

"ಆಮೇಲೆ, ಅಣ್ಣ?" ಎಂದ ಸುಧಾಕರ್.

"ಆಮೇಲೇನಪ್ಪಾ, ಇದೇ."

ಮಕ್ಕಳ ಬಗ್ಗೆ ಕೇಳೋಣವೆಂದರೆ ಸುಧಾಕರನ ಮಕ್ಕಳ ಹೆಸರೇ ಅಶ್ವತ್ಥಪ್ಪನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ತಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಐದನೇ ಹಾಡಿಗೆ ರಾಜ್‌ಕುಮಾರ್ ಮನೆಗೆ ನೆಂಟರು ಬಂದಿದ್ದಾರೆಂದು ಎದ್ದುಹೋದ.

ಶನಿವಾರ ಆ ಪುಣ್ಯಾತ್ಮ ಬರಲೇ ಇಲ್ಲ, ಫೋನೂ ಸ್ವಿಚ್ ಆಫ್. ಸುಧಾಕರ್ ಒಬ್ಬನೇ ಬಂದ. ಬಂಗಾರಪೇಟೆಯ ಪಾನಿ ನೋಡಲು ಬರೀ ನೀರು, ಬಾಯಿಗಿಟ್ಟರೆ ಮೂಗು ಕಣ್ಣೆಲ್ಲ ಸುರಿಯುತ್ತದೆ. ಹಾಗೆ ಕಣ್ಣೊರೆಸಿಕೊಳ್ಳುತ್ತಲೇ ಅಶ್ವತ್ಥಪ್ಪ ಕೇಳಿದ: "ನಿಮ್ಮನೆ ಇಲ್ಲೇ ಎಲ್ಲೋ ಅಲ್ವೇನಪ್ಪಾ?"

"ಊಂ ಅಣ್ಣ, ಇಂದ್ಗಡೆ ಬೀದಿ. ಇನ್ನೊಂದು ಪ್ಲೇಟ್ ತಗಂತೀಯಾ?"

ಮನೆಗೆ ಬಾ ಅನ್ನಲು ಏನು ಖರ್ಚಾಗುತ್ತಿತ್ತು ಅವನ ಗಂಟು! ಅಶ್ವತ್ಥಪ್ಪನಿಗೆ ಅಳು ಬಂದಂತಾಯಿತು. ಖಾರದ ನೆಪ ಇದ್ದದ್ದರಿಂದ ಮರ್ಯಾದೆ ಉಳಿಯಿತು.

ಭಾನುವಾರ ಮಾತ್ರ ಇಬ್ಬರೂ ಟೈಮಿಗೆ ಸರಿಯಾಗಿ ಥಿಯೇಟರಿನ ಮುಂದೆ ನಿಂತಿದ್ದರು. ಅಶ್ವತ್ಥಪ್ಪನ ಜೀವ ಹೂವಾಯಿತು. ಇಬ್ಬರ ನಡುವೆ ಕೂತು, ಹೀರೋ ಇಪ್ಪತ್ತು ಜನರನ್ನು ಬಡಿಯುವುದನ್ನು ನೋಡಿ ಶಿಳ್ಳೆಯನ್ನೂ ಹೊಡೆದ. ಇಂಟರ್ವಲ್‌ನಲ್ಲಿ ಟೀ ಕುಡಿಯುವಾಗ ಸುಧಾಕರ್ ಗಂಟಲು ಸರಿಮಾಡಿಕೊಂಡ.

"ಅಣ್ಣ, ತಪ್ಪು ತಿಳ್ಕಾಬೇಡ. ನೀನು ಬಿಟ್ಟಾಗಿಂದ ನಿಂತ್ಕಂಡೇ ಓಗ್ತಾ ಇದೀವಿ. ಸೊಂಟ ಬಿದ್ದೋಯ್ತು. ಊರಿಗಾಂನಾಗೆ ಅತ್ತೋರು ಯಾರಾದ್ರೂ ನಿಂಗೆ ಗೊತ್ತಿದ್ರೆ ಒಂದ್ಮಾತು ಏಳು, ನಮ್ಗೆ ಸೀಟು ಇಡೀಲಿ."

"ಮೂರು ದಿನದಿಂದ ಇದ್ನೇ ಕೇಳ್ಬೇಕು ಅಂತಿದ್ವಣ್ಣ," ಎಂದ ರಾಜ್‌ಕುಮಾರ್.

ಮೂರು ದಿನದಿಂದ! ಬೇರೆ ಯಾರಾದರೂ ಆಗಿದ್ದರೆ ಥೂ ನಿಮ್ಮ ಎಂದು ಉಗಿದು, ಟೀ ಲೋಟ ಕುಕ್ಕಿ ಎದ್ದು ಹೋಗುತ್ತಿದ್ದರು. ಉಗಿಯಬೇಕೆಂದು ಅಶ್ವತ್ಥಪ್ಪನಿಗೂ ಅನ್ನಿಸಿತು. ಉಗಿದರೆ ನಾಳೆಯಿಂದ ಫೋನ್ ಮಾಡಲೂ ಇವರಿಬ್ಬರು ಇರುವುದಿಲ್ಲ.

"ಬ್ಯಾರೆಯೋರು ಯಾಕ್ರಲಾ? ನಾನೇ ಬತ್ತೀನಿ, ಬಂಗಾರಪೇಟೆಗಂಟ," ಎಂದುಬಿಟ್ಟ.

ಅಯ್ಯೋ ಬೇಡಣ್ಣ, ಈ ವಯಸ್ಸಿನಲ್ಲಿ ಎಂದು ಇಬ್ಬರಲ್ಲಿ ಒಬ್ಬನಾದರೂ ಅನ್ನುತ್ತಾನೆಂದು ಕಾದ. ಸುಧಾಕರ್ ಅವನ ಕೈ ಹಿಡಿದುಕೊಂಡ. "ನೀನು ದ್ಯಾವ್ರು ಕಣಣ್ಣ!"

ಸೋಮವಾರ ಬೆಳಿಗ್ಗೆ ರಾಧಾಮಣಿಗೆ ವಾಕಿಂಗ್ ಎಂದು ಸುಳ್ಳು ಹೇಳಿ ಹೊರಟ. ಎರಡು ಸೀಟು ಹಿಡಿದ, ಮೂರನೆಯದರಲ್ಲಿ ತಾನು ಕೂತ. ಬಂಗಾರಪೇಟೆಯಲ್ಲಿ ಇಬ್ಬರೂ ನುಗ್ಗಿ ಬಂದು ಕೂತರು. ಇವನು ಏಳುವುದೇ ತಡ, ಯಾರೋ ಹೆಂಗಸು ಬ್ಯಾಗಿನ ಸಮೇತ ಆ ಜಾಗಕ್ಕೆ ಬಂದಳು. ರಾಜ್‌ಕುಮಾರ್ ಇಸ್ಪೀಟಿನ ಎಲೆ ಹಾಕಲು ಶುರು ಮಾಡಿದ್ದ, ತನಗೆ ಮತ್ತು ಸುಧಾಕರನಿಗೆ. ಒಂದು ಆಟವಾದರೂ ನೋಡೋಣವೆಂದು ಅಶ್ವತ್ಥಪ್ಪ ನಿಂತೇ ಇದ್ದ.

"ಇಳಿ ಅಣ್ಣ, ರೈಲು ಬಿಡ್ತದೆ," ಎಂದ ರಾಜ್‌ಕುಮಾರ್, ತಲೆ ಎತ್ತದೆ.

ಇಳಿದು ಪ್ಲಾಟ್‌ಫಾರಂ ಮೇಲೆ ನಿಂತ. ರೈಲು ಅಲುಗಿದಾಗ ಸುಧಾಕರ್ ಕಿಟಕಿಯಿಂದ ಕರೆದ. ಅಶ್ವತ್ಥಪ್ಪ ಮುಖ ಅರಳಿಸಿಕೊಂಡು ಜೊತೆಗೇ ನಾಲ್ಕು ಹೆಜ್ಜೆ ಓಡಿದ.

"ಅಣ್ಣ, ನಾಳೆ ಆ ಕಡೆ ಸೀಟು ಇಡಿ! ಈ ಕಡೆ ಬಿಸ್ಲು ಒಡೀತದೆ!"

"ಆಗ್ಲಪ್ಪಾ," ಎಂದ.

ರೈಲು ಹೋದ ಮೇಲೆ ಕೌಂಟರಿನ ಸಾಲಿನಲ್ಲಿ ನಿಂತು, ಊರಿಗಾಂನಿಂದ ಬಂಗಾರಪೇಟೆಗೆ ಒಂದು ತಿಂಗಳ ಪಾಸು ಕೇಳಿದ.