ಬಲಗೈ ಕಲಿತ ಕೆಲಸ

ಕೇಕಮ್ಮನ ಎಡಗೈ ನಮ್ಮ ಅಂಗಡಿಯ ಆಸ್ತಿ ಎಂದು ಬೇಕರಿ ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಕ್ರೀಮು ತುಂಬಿದ ಕೋನ್ ಹಿಡಿದು ಆ ಕೈ ಒಂದು ಸುತ್ತು ಸುತ್ತಿದರೆ ಕೇಕಿನ ಮೇಲೆ ಗುಲಾಬಿ ಅರಳಿರುತ್ತಿತ್ತು. ಆದರೆ ಬರೆಯುವುದು, ಉಣ್ಣುವುದು, ಸಹಿ ಹಾಕುವುದು ಮಾತ್ರ ಬಲಗೈಯಲ್ಲಿ. ಚಿಕ್ಕಂದಿನಲ್ಲಿ ಅವಳು ಎಡಗೈಗೆ ಪೆನ್ಸಿಲ್ ತೆಗೆದುಕೊಂಡಾಗಲೆಲ್ಲ ಅವಳಮ್ಮ ಸೌಟಿನಲ್ಲಿ ಬೆರಳ ಗಂಟಿಗೆ ಬಾರಿಸಿ ಕಲಿಸಿದ ಶಿಸ್ತು ಅದು.

ಆ ಶಿಸ್ತೇ ಮುಂದೆ ಮುಳುವಾಯಿತು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ, ಡಯಾಲಿಸಿಸ್‌ ಸೂಜಿ ಹಾಕುವುದಕ್ಕೆಂದು ತೋಳಿನಲ್ಲಿ ದಪ್ಪ ರಕ್ತನಾಳ ಸಿದ್ಧಮಾಡಬೇಕಾಗಿದ್ದ ಸರ್ಜನ್, "ನಿಮಗೆ ಯಾವ ಕೈ ಅಭ್ಯಾಸ?" ಎಂದು ಕೇಳಿದರು. ಕೇಕಮ್ಮ, ಅಮ್ಮ ಇನ್ನೂ ಸೌಟು ಹಿಡಿದು ಬಾಗಿಲ ಹಿಂದೆ ನಿಂತಿದ್ದಾಳೇನೋ ಎಂಬಂತೆ, "ಬಲಗೈ" ಎಂದುಬಿಟ್ಟಳು. ಪಾಪ, ಸರ್ಜನ್ ಒಳ್ಳೆಯ ಮನುಷ್ಯ. ಕೆಲಸದ ಕೈ ಬಿಡುವಾಗಿರಲಿ ಎಂದು ಎಡಗೈಗೆ ಶಸ್ತ್ರಚಿಕಿತ್ಸೆ ಮಾಡಿ ಮುಗಿಸಿದರು. ಮನೆಗೆ ಬಂದು ಕೋನ್ ಹಿಡಿದಾಗಲೇ ಇವಳಿಗೆ ತಾನು ಮಾಡಿಕೊಂಡ ಎಡವಟ್ಟು ಹೊಳೆದದ್ದು. ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳಬಹುದಿತ್ತು ನಿಜ. ಆದರೆ ಜಾಣ ಕೈ ಅಲ್ಲಾಡದೆ ಮಲಗಬೇಕು, ದಡ್ಡ ಕೈ ಸೂಜಿ ಹಾಕಬೇಕು. ಅದು ಆಗದ ಮಾತೆಂದು ಆ ಕೆಲಸ ಗಂಡನ ಪಾಲಿಗೆ ಬಂತು.

ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಾಲ ಕೆಳಗೆ ತನ್ನದೇ ಒಂದು ಬ್ರೇಕ್ ಇಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತು ಬದುಕಿದ ಪ್ರಾಣಿ. ಬೇರೆಯವರ ಗಾಡಿಯಲ್ಲಿ ಹೋದರೂ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದುದರಿಂದ ಬ್ರೇಕ್ ಮೇಷ್ಟ್ರು ಎಂದೇ ಹೆಸರಾಗಿತ್ತು. ಅವರು ಒಮ್ಮೆಯೂ ಬೇಡವೆನ್ನದೆ, ಸೂಜಿ ಹಾಕುವ ದಿನ ಮಧ್ಯಾಹ್ನದ ಕ್ಲಾಸೆಲ್ಲ ಬಿಟ್ಟು ಬಂದು, ಹೆಂಡತಿಯ ತೋಳಿಗೆ ಎರಡು ಸೂಜಿ ಹಾಕಿ, ಮಷೀನು ನಿಲ್ಲುವವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದರು. ತರಬೇತಿ ಕೊಟ್ಟ ನರ್ಸಮ್ಮ, "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದಿದ್ದಳು.

ಹೌದು. ಆದರೆ ಆ ಪುಣ್ಯಾತ್ಮ ಸೂಜಿ ಮುಟ್ಟುವುದಕ್ಕೆ ಮುಂಚೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದರು. ನೀರಿನ ಸದ್ದಿನ ಕೆಳಗೆ ವಾಂತಿಯ ಸದ್ದು ಕೇಕಮ್ಮನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮುಖ ತೊಳೆದು, ಏನೂ ಆಗದವರಂತೆ ಸಿಳ್ಳೆ ಹಾಕುತ್ತ ಹೊರಗೆ ಬರುತ್ತಿದ್ದರು. ಎರಡು ವರ್ಷ ಇದೇ ಆಯಿತು. ಗೊತ್ತು ಎಂದು ಹೇಳಿದರೆ ಅವರಿಗೆ ಅವಮಾನ, ಸುಮ್ಮನಿದ್ದರೆ ತನಗೆ ಸಂಕಟ. ಹೇಳಿದರೂ ಮುಂದಿನ ಸಲ ಸೂಜಿ ಹಾಕಬೇಕಾದವರು ಅವರೇ ತಾನೆ? ಆಸ್ಪತ್ರೆಗೆ ಮರಳಿ ಹೋದರೆ ಹೋಗಿ ಬರುವುದರಲ್ಲೇ ದಿನ ಹಾಳಾಗಿ ಬೇಕರಿ ಕೆಲಸ ತಪ್ಪುತ್ತಿತ್ತು. ಉಳಿದದ್ದು ಒಂದೇ ದಾರಿ. ಈ ಮನುಷ್ಯನನ್ನು ಸೂಜಿಯಿಂದ ಬಿಡಿಸಬೇಕು, ತಾನೇ ಎಲ್ಲ ಮಾಡಿಕೊಳ್ಳಬೇಕು.

"ಒಬ್ರೇನಾ?" ಎಂದು ನರ್ಸಮ್ಮ ಹುಬ್ಬೇರಿಸಿದಳು. "ಮೊದ್ಲು ನಿಮ್ ಬಲಗೈ ನಿಮ್ ಮಾತು ಕೇಳ್ಲಿ. ಅದು ನಡುಗೋದು ನಿಲ್ಲೋ ತನಕ ನಾನಂತೂ ಒಪ್ಪಲ್ಲ."

ಕೇಕಮ್ಮ ಮರುದಿನವೇ ಕೋನನ್ನು ಬಲಗೈಗೆ ಕೊಟ್ಟಳು. ಮೊದಲ ಗುಲಾಬಿಯನ್ನು ನೋಡಿ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇನಮ್ಮ, ಗುಲಾಬಿನೋ ಹೂಕೋಸೋ?"

"ನೋಡೋರ್ ಕಣ್ಣಲ್ಲಿ ಇರುತ್ತೆ, ಯಜಮಾನ್ರೇ."

"ದುಡ್ಡು ಕೊಡೋರ್ ಕಣ್ಣಲ್ಲಿ ಹೂಕೋಸೇ ಕಾಣುತ್ತಮ್ಮ."

ಹಾಗೆಂದು ಗೊಣಗಿದರೂ, ಕೆಲಸ ಮುಗಿದ ಮೇಲೆ ಉಳಿದ ಕ್ರೀಮನ್ನು ಅವಳ ಮುಂದೆ ಸರಿಸುತ್ತಿದ್ದರು. ತಟ್ಟೆಯ ಮೇಲೆ ಹೂಕೋಸು ಬಿಡುವುದು, ಕೆರೆಯುವುದು, ಮತ್ತೆ ಬಿಡುವುದು. ಹಟ ಎಂದರೆ ಹಟ. ಹೂಕೋಸು ಹೋಗಿ ಎಲೆಕೋಸು ಬಂತು. ಕಡೆಗೊಂದು ದಿನ ಯಜಮಾನರು ತಟ್ಟೆ ನೋಡಿ, ಆ ಗುಲಾಬಿಯನ್ನು ಎತ್ತಿ ಗಿರಾಕಿಯ ಕೇಕಿನ ಮೇಲಿಟ್ಟರು. ಆಮೇಲೆ ನರ್ಸಮ್ಮ ಮನೆಗೆ ಬಂದು, ಮೇಷ್ಟ್ರನ್ನು ಕೈಕಟ್ಟಿಸಿ ಮೂಲೆಯಲ್ಲಿ ಕೂರಿಸಿ, ಕೇಕಮ್ಮ ಸೂಜಿ ಹಾಕಿಕೊಳ್ಳುವುದನ್ನು ಹಲವು ಸಲ ನೋಡಿ ಒಪ್ಪಿಗೆ ಕೊಟ್ಟಳು. ಮೇಷ್ಟ್ರ ಪಾದ ಮಾತ್ರ ಅಷ್ಟು ಹೊತ್ತೂ ನೆಲವನ್ನು ತುಳಿಯುತ್ತಲೇ ಇತ್ತು.

ಒಂಟಿಯಾಗಿ ಮಾಡಿಕೊಳ್ಳುವ ಮೊದಲ ದಿನ ಮೇಷ್ಟ್ರು ಮನೆ ಬಿಟ್ಟು ಹೋಗಲೇ ಒಪ್ಪಲಿಲ್ಲ.

"ಒಳಗ್ ಬರಲ್ಲ ಕಣೇ. ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀನಿ."

"ಮೆಟ್ಟಿಲ ಮೇಲೆ ಕೂತ್ರೆ ಬ್ರೇಕ್ ಹಾಕೋಕೆ ಓಡಿ ಬರ್ತೀರಿ. ಹೋಗಿ ಪಾಠ ಮಾಡಿ. ಫೋನ್ ಬಲಗಡೆ ಇದೆ, ಬಾಗಿಲು ಚಿಲಕ ಹಾಕಿಲ್ಲ, ಪಕ್ಕದ್ಮನೆ ಅಕ್ಕಂಗೂ ಹೇಳಿದೀನಿ. ಹೊರಡ್ರೀ."

ಮೇಷ್ಟ್ರು ಪೆಚ್ಚುಮೋರೆ ಹಾಕಿಕೊಂಡು ಹೋದರು. ಕೇಕಮ್ಮ ಕೈ ತೊಳೆದುಕೊಂಡಳು. ಒಂದೇ ಕೈಯಲ್ಲಿ ಟೇಪು ಕತ್ತರಿಸಲು ಬಾರದೆಂದು ಮೊದಲೇ ಕತ್ತರಿಸಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿದ್ದಳು. ಒಂದೇ ಜಾಗಕ್ಕೆ ಹಾಕಿ ಹಾಕಿ, ಕಿವಿ ಚುಚ್ಚಿದ ತೂತಿನಂತೆ ತೋಳಿನಲ್ಲಿ ದಾರಿಯಾಗಿತ್ತು. ಉಸಿರು ಬಿಗಿಹಿಡಿದು, ಸೂಜಿಯ ಓರೆ ನೋಡಿಕೊಂಡು, ಒಂದು ಸೂಜಿ. ಅಂಟಿಸಿದಳು. ಇನ್ನೊಂದು ಸೂಜಿ. ಅಂಟಿಸಿದಳು. ಕೊಳವೆ ಜೋಡಿಸಿ ಗುಂಡಿ ಒತ್ತಿದಾಗ ರಕ್ತ ಮೆಲ್ಲಗೆ ಮಷೀನಿನ ಕಡೆ ಹೊರಟಿತು. ಈಗ ಬೆನ್ನ ಹಿಂದೆ ಯಾರೂ ಸಿಳ್ಳೆ ಹಾಕುತ್ತಿರಲಿಲ್ಲ.

ಕಿಟಕಿಯಾಚೆ ಡ್ರೈವಿಂಗ್ ಶಾಲೆಯ ಗಾಡಿ ಆಮೆವೇಗದಲ್ಲಿ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಗಾಡಿಯಲ್ಲಿ ಕಲಿಯುವವರು ಬದಲಾಗುತ್ತಿದ್ದರು, ಬೀದಿ ಬದಲಾಗುತ್ತಿರಲಿಲ್ಲ. ಆ ದಿನ ಹಣ ಕೊಟ್ಟು ಬಂದವರೆಲ್ಲ ಎಡಕ್ಕೆ ತಿರುಗುವುದನ್ನಷ್ಟೇ ಕಲಿತರು.

ನಗು ಬಂತು ಎನ್ನುವಷ್ಟರಲ್ಲಿ ಮಷೀನು ಕೂಗಿಕೊಂಡಿತು. ಕೆಂಪು ದೀಪ, ಪಂಪು ನಿಂತಿತು. ಕೇಕಮ್ಮನ ಜೀವ ಬಾಯಿಗೆ ಬಂತು.

"ರೀ!"

ಮನೆ ಉತ್ತರ ಕೊಡಲಿಲ್ಲ. ಬಲಗೈ ಫೋನಿನ ಕಡೆ ಹೊರಟದ್ದು ನಡುದಾರಿಯಲ್ಲಿ ನಿಂತಿತು. ಈಗ ಕರೆದರೆ ಅವರು ಓಡಿ ಬರುತ್ತಾರೆ, ಮುಂದೆ ಯಾವತ್ತೂ ಹೊರಗೆ ಹೋಗುವುದಿಲ್ಲ. ಮೊದಲು ನೋಡು, ಆಮೇಲೆ ಕರಿ, ಎಂದು ತನಗೆ ತಾನೇ ಗದರಿಕೊಂಡಳು. ಪರದೆಯ ಮೇಲೆ, ರಕ್ತ ಸರಿಯಾಗಿ ಎಳೆಯಲಾಗುತ್ತಿಲ್ಲ ಎಂಬ ಸೂಚನೆಯಿತ್ತು. ತೋಳು ನೋಡಿಕೊಂಡಳು. ರಕ್ತ ಸೋರಿಲ್ಲ, ಟೇಪು ಬಿಟ್ಟಿಲ್ಲ. ಆದರೆ ಎಡಗೈ, ಆ ಕಳ್ಳ ಕೈ, ಯಾರೂ ಕರೆಯದಿದ್ದರೂ ಮಡಚಿಕೊಂಡು ಜಾರುತ್ತಿದ್ದ ಹೊದಿಕೆಯನ್ನು ಎಳೆಯಲು ಹೊರಟಿತ್ತು.

"ಸುಮ್ನೆ ಬಿದ್ಕೊಳ್ಳೇ!" ಎಂದು ಕೈಯನ್ನೇ ಬೈದು ನೇರವಾಗಿ ಚಾಚಿದಳು. ಬಲಗೈ ಸದ್ದು ನಿಲ್ಲಿಸಿ ಪಂಪಿನ ಗುಂಡಿ ಒತ್ತಿತು. ಪಂಪು ತಿರುಗಿತು. ಕೆಂಪು ದೀಪ ಹೋಗಿ ಹಸಿರು ಬಂತು. ಕೇಕಮ್ಮ ದಿಂಬಿಗೆ ಒರಗಿ, ಖಾಲಿ ಮನೆಯಲ್ಲಿ ಒಬ್ಬಳೇ ಜೋರಾಗಿ ನಕ್ಕಳು. ಎದೆಯ ಮೇಲಿನ ಭಾರವೆಲ್ಲ ಇಳಿದುಹೋಗಿ ಹಾಯೆನಿಸಿತು. ಆ ಬಚ್ಚಲ ನಲ್ಲಿಯ ಸದ್ದು ಇನ್ನು ಕೇಳಬೇಕಾಗಿಲ್ಲ.

ರಕ್ತವೆಲ್ಲ ಮೈಗೆ ಮರಳಿ, ಸೂಜಿ ಎರಡೂ ಈಚೆ ಬಂದು, ಒತ್ತಿ ಹಿಡಿದ ಜಾಗಕ್ಕೆ ಪಟ್ಟಿ ಹಚ್ಚಿದ ಮೇಲೆ ಅವಳು ಫೋನ್ ಮಾಡಿದಳು. ಮೇಷ್ಟ್ರು ಬಂದು, ನಿಂತ ಮಷೀನನ್ನು ನೋಡಿ, ಪಟ್ಟಿಯನ್ನು ನೋಡಿ, ಬೂಟು ಸಮೇತ ನೆಲದ ಮೇಲೆ ಕುಸಿದು ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ಅವರಿಗೇ ಗೊತ್ತಿದ್ದಂತಿರಲಿಲ್ಲ.

"ನಿಂಗೊಂದ್ ವಿಷಯ ಹೇಳ್ಬೇಕು ಕಣೇ. ನಗ್ಬಾರ್ದು. ನಂಗೆ ಸೂಜಿ ಅಂದ್ರೆ ಪ್ರಾಣಭಯ."

ಕೇಕಮ್ಮ ಕಣ್ಣರಳಿಸಿದಳು. "ನಿಮ್ಗಾ? ಸುಳ್ಳು!"

"ಸತ್ಯವಾಗ್ಲೂ. ಪ್ರತಿ ಸಲ ವಾಂತಿ ಮಾಡ್ಕೊಂಡೇ ಬರ್ತಿದ್ದೆ."

"ಅಯ್ಯೋ! ನಂಗೊಂಚೂರೂ ಗೊತ್ತಾಗ್ಲಿಲ್ವಲ್ರೀ!"

ಮೇಷ್ಟ್ರಿಗೆ ಕೊಂಚ ಹೆಮ್ಮೆಯೇ ಆಯಿತು. "ಗೊತ್ತಾಗ್ಬಾರ್ದು ಅಂತಾನೇ ನಲ್ಲಿ ಬಿಡ್ತಿದ್ದೆ. ಮೊದಲ್ನೇ ದಿನ ಅಂತೂ ಕೇಳ್ಬೇಡ. ಎಷ್ಟ್ ನೋಯುತ್ತೆ ಅಂತ ಗೊತ್ತಿಲ್ದೆ ನಿಂಗೆ ಹೆಂಗ್ ಹಾಕ್ಲಿ? ಅದೇ ಥರದ್ ಸೂಜಿ ತಗೊಂಡು, ಬಚ್ಚಲಲ್ಲಿ ಬಾಗ್ಲು ಹಾಕ್ಕೊಂಡು, ನನ್ ಕೈಗೇ ಚುಚ್ಕೊಂಡೆ."

ಅರಳಿದ್ದ ಕಣ್ಣು ಹಾಗೇ ನಿಂತಿತು. ಈಗ ಅದರಲ್ಲಿ ನಾಟಕವಿರಲಿಲ್ಲ. ಇದೊಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಆಮೇಲೆ?" ಎಂದಳು, ಸ್ವರ ಸಣ್ಣಗಾಗಿತ್ತು.

"ತಲೆ ತಿರುಗಿ ಬಿದ್ದೆ. ಎದ್ದು ಮುಖ ತೊಳ್ಕೊಂಡು ಬಂದು ನಿಂಗೆ ಹಾಕ್ದೆ."

ಕೇಕಮ್ಮನ ಕಣ್ಣು ತುಂಬಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ತಲೆಗ್ ಏಟು ಬಿದ್ದಿದ್ರೆ ಏನ್ ಗತಿ? ಬುದ್ಧಿ ಇದ್ಯಾ ನಿಮ್ಗೆ? ಹತ್ರ ಯಾರೂ ಇಲ್ದೆ, ಒಬ್ರೇ ಕೂತ್ಕೊಂಡು, ಯಾರಾದ್ರೂ ತಮ್ ಕೈಗೆ ತಾವೇ ಸೂಜಿ ಚುಚ್ಕೋತಾರೇನ್ರೀ?"

ಮೇಷ್ಟ್ರು ಅವಳ ತೋಳಿನ ಪಟ್ಟಿಯನ್ನು ನೋಡಿದರು, ಮಷೀನನ್ನು ನೋಡಿದರು, ಮತ್ತೆ ಅವಳ ಮುಖ ನೋಡಿದರು. ಮೊದಲು ನಕ್ಕವಳು ಕೇಕಮ್ಮನೇ.