ಕದಲದ ಹನ್ನೊಂದು ನಿಮಿಷ

ಇನ್ನು ಹನ್ನೊಂದೇ ನಿಮಿಷ ಎಂದು ತೋರಿಸಿ ವಾಷಿಂಗ್ ಮೆಷಿನ್ ಮುಷ್ಕರ ಹೂಡಿ ಒಂದು ಗಂಟೆಯಾಗಿತ್ತು. ಒಳಗೆ ಅರ್ಧ ಡ್ರಮ್ಮು ನೀರು, ಅದರಲ್ಲಿ ಮುಳುಗಿದ ಬೆಡ್‌ಶೀಟು. ಮೂವತ್ತು ವರ್ಷ ಊರಿನವರ ನಿಂತ ಗಡಿಯಾರಗಳನ್ನೆಲ್ಲ ಓಡಿಸಿದವನ ಮನೆಯಲ್ಲೇ ಹನ್ನೊಂದು ಹತ್ತಾಗದೆ ಕೂತಿತ್ತು.

"ರೀ, ನಮ್ಮ ತಂಗಿ ಗಂಡನ್ನ ಕರೀಲಾ? ಅವ್ರು ಮುಟ್ಟಿದ್ರೆ ಸಾಕು, ಎಂಥ ಮೆಷಿನ್ನೂ ಮಾತು ಕೇಳುತ್ತೆ," ಎಂದಳು ಹೆಂಡತಿ.

ಹೋದ ವರ್ಷ ಮಿಕ್ಸಿ ಸರಿಮಾಡಿಕೊಟ್ಟಾಗಿನಿಂದ ಆ ಷಡ್ಡಕನದೇ ಜಪ. ಅವನಿಗೆ ಎರಡನೇ ಲೋಟ ಕಾಫಿ ಕೇಳದೆಯೇ ಬರುತ್ತಿತ್ತು. ಗಡಿಯಾರದವನು ಕೇಳಿದರೆ ಹಾಲು ಮುಗಿದಿರುತ್ತಿತ್ತು.

"ಯಾಕೆ, ನಾನೇನು ಸತ್ತಿದ್ದೀನಾ?"

ಪ್ಲಗ್ ಕಿತ್ತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೇಲಿನ ಮುಚ್ಚಳ ಬಿಚ್ಚಿದ. ತಿರುಪುಗಳನ್ನು ತಟ್ಟೆಯಲ್ಲಿ ಸಾಲಾಗಿಟ್ಟು, ಧೂಳು ಒರೆಸಿ, ಮುಚ್ಚಿ, ಮತ್ತೆ ಪ್ಲಗ್ ಹಾಕಿದ. ಮೆಷಿನ್ ಗೊರ್ರೆಂದು ಗಂಟಲು ಸರಿಮಾಡಿಕೊಂಡು ಮತ್ತೆ ಹನ್ನೊಂದು ತೋರಿಸಿತು. ಅಷ್ಟರಲ್ಲಿ ಫೋನ್ ಹೋಗಿಯಾಗಿತ್ತು.

ಷಡ್ಡಕ ನಗುನಗುತ್ತಲೇ ಬಂದ. ಕೆಳಮೂಲೆಯ ಪುಟ್ಟ ಬಾಗಿಲು ತಟ್ಟಿ, "ಭಾವ, ಇದನ್ನ ನೋಡಿದ್ರಾ? ನೀರು ಹೋಗೋ ದಾರಿ ಇದೇ," ಎಂದ. ಭಾವ ನೋಡಿರಲಿಲ್ಲ. ನೀರನ್ನು ಬಕೆಟ್ಟಿಗೆ ಇಳಿಸಿ ಜಾಲರಿ ಎಳೆದರೆ, ಅದರಲ್ಲಿ ಸಿಕ್ಕಿಕೊಂಡಿತ್ತು ಕೈಗಡಿಯಾರದ ಅರ್ಧ ಬೆಲ್ಟು. ಕಳೆದುಹೋಗದಿರಲೆಂದು ಅಂಗಿ ಜೇಬಿಗೆ ಹಾಕಿಕೊಂಡು, ಆಮೇಲೆ ವಾರವಿಡೀ ಅಂಗಡಿಯಲ್ಲಿ ಹುಡುಕಿದ ಬೆಲ್ಟು! ಒಗೆಯಲು ಹಾಕುವ ಮುಂಚೆ ಜೇಬು ನೋಡಿ ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

"ಏನು ಸಿಕ್ತು?" ಅಡುಗೆಮನೆಯಿಂದ ಅವಳ ದನಿ.

"ಬರೀ ಬಟ್ಟೆ ಜುಂಗು, ಅಕ್ಕ! ಮುಕ್ಕಾಲು ಕೆಲ್ಸ ಭಾವನೇ ಮಾಡಿಟ್ಟಿದ್ರು." ಷಡ್ಡಕ ಬೆಲ್ಟನ್ನು ಮೆಲ್ಲಗೆ ಭಾವನ ಜೇಬಿಗೆ ಇಳಿಬಿಟ್ಟ.

ಮೆಷಿನ್ ತಿರುಗತೊಡಗಿತು. ಹತ್ತು. ಒಂಬತ್ತು.

ಜೇಬು ಒದ್ದೆಯಾಗಿ ಎದೆಗೆ ಅಂಟಿತು. ಇಷ್ಟು ದಿನ ಷಡ್ಡಕನ ಕೈಚಳಕಕ್ಕೆ ಹೊಟ್ಟೆ ಉರಿಯುತ್ತಿತ್ತು. ಇನ್ನು ದೊಡ್ಡತನಕ್ಕೂ ಉರಿಸಿಕೊಳ್ಳಬೇಕೆ? ಇವನ ಹಂಗು ಬೇಡವೇ ಬೇಡ ಎಂದು ಗಡಿಯಾರದವನು ಬೆಲ್ಟನ್ನು ಹೊರಗೆಳೆದು, ಎರಡು ಲೋಟ ಕಾಫಿ ತಂದ ಹೆಂಡತಿಯ ಮುಂದೆ ಹಿಡಿದ.

"ಜುಂಗೂ ಇಲ್ಲ, ಗಿಂಗೂ ಇಲ್ಲ. ಇದು ಸಿಕ್ಕಿದ್ದು. ನಂದೇ ತಪ್ಪು."

ಅವಳು ಬೆಲ್ಟು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಕಣ್ಣರಳಿಸಿ ಷಡ್ಡಕನತ್ತ ತಿರುಗಿದಳು.

"ಅಯ್ಯೋ, ಇವ್ರ ಮಾನ ಉಳಿಸೋಕೆ ಸುಳ್ಳು ಬೇರೆ ಹೇಳಿದ್ರಾ? ಎಂಥ ಮನಸ್ಸಪ್ಪ ನಿಮ್ದು!"

ಎರಡೂ ಲೋಟಗಳು ಷಡ್ಡಕನ ಮುಂದೆಯೇ ಕೂತವು.